ಯಂತ್ರಶಾಲೆಯಲ್ಲಿ ಕೈಯ ಶಿಕ್ಷಣ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ವಾಸಿಸುವ ಶ್ರೋತೃಗಳಿಗೆ ಬೆಳಗಿನ ಒಂದು ಸದ್ದು ಚಿರಪರಿಚಿತವಾದುದು. ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಿ, ಮಾಗಡಿ ರಸ್ತೆಯ ಕಾಮಾಕ್ಷಿಪಾಳ್ಯದಲ್ಲಿ, ಕೆಂಗೇರಿಯನ್ನು ದಾಟಿ ಮೈಸೂರು ರಸ್ತೆಯ ಮೇಲೆ ಸಿಕ್ಕುವ ಕುಂಬಳಗೋಡಿನಲ್ಲಿ ತಗಡಿನ ಬಾಗಿಲುಗಳು ಮೇಲಕ್ಕೇರಿ, ಲೇತುಗಳು ತಿರುಗತೊಡಗಿ, ಪ್ರೆಸ್ ಯಂತ್ರಗಳು ಒಂದೇ ತಾಳದಲ್ಲಿ ತಗಡನ್ನು ಕುಟ್ಟುವ ಸದ್ದು ಅದು. ವಿಜಯನಗರದಲ್ಲಿಯೋ ಬಸವೇಶ್ವರನಗರದಲ್ಲಿಯೋ ನಾವು ಕಾಫಿಯನ್ನು ಮುಗಿಸಿ ಪತ್ರಿಕೆಯನ್ನು ಬಿಡಿಸುವಷ್ಟರಲ್ಲಿ ಸಾವಿರಾರು ಕೈಗಳು ತಿರುಗುವ ಕಬ್ಬಿಣದಿಂದ ಒಂದೆರಡು ಅಂಗುಲ ದೂರದಲ್ಲಿ ಕೆಲಸ ಮಾಡುತ್ತಿರುತ್ತವೆ. ಬೆಳಗ್ಗೆ ಹೋದ ಹತ್ತು ಬೆರಳೂ ಸಂಜೆ ಮನೆಗೆ ಹಿಂದಿರುಗಬೇಕೆಂಬುದು ಅತಿ ದೊಡ್ಡ ಆಸೆಯೇನೂ ಅಲ್ಲ. ಆದರೆ ಈ ಸಣ್ಣ ಆಸೆ ನೆರವೇರುವುದಕ್ಕೆ ಏನೇನು ಬೇಕಾಯಿತು, ಇನ್ನೂ ಏನು ಬೇಕಾಗಿದೆ ಎಂಬುದಕ್ಕೆ ಒಂದು ಚರಿತ್ರೆಯುಂಟು. ಇಂದು ನಾವು ಪ್ರಸ್ತಾಪಿಸಬೇಕೆಂದಿರುವುದು ಅದನ್ನೇ.

ಯಂತ್ರದ ಮುಂದೆ ನಿಂತ ಮನುಷ್ಯನಿಗೆ ಮೂರು ಬಗೆಯ ರಕ್ಷೆಗಳನ್ನು ಕಲ್ಪಿಸಬಹುದು. ಮೊದಲನೆಯದು, ಯಂತ್ರಕ್ಕೇ ಬೇಲಿಯನ್ನು ಕಟ್ಟುವುದು. ಎರಡನೆಯದು, ಪೆಟ್ಟು ಬಿದ್ದಮೇಲೆ ಪರಿಹಾರವನ್ನು ಕೊಡುವುದು. ಮೂರನೆಯದು, ಪೆಟ್ಟು ಬೀಳುವುದಕ್ಕೆ ಮುನ್ನ ಕೈಗೆ ಶಿಕ್ಷಣ ಕೊಡುವುದು. ಮೊದಲನೆಯದನ್ನು ಕಬ್ಬಿಣದಿಂದ ಮಾಡಬಹುದು, ಎರಡನೆಯದನ್ನು ಹಣದಿಂದ ಮಾಡಬಹುದು. ಮೂರನೆಯದಕ್ಕೆ ಮಾತ್ರ ಇನ್ನೊಬ್ಬ ಮನುಷ್ಯನೇ ಬೇಕು. ಅವನ ಸಮಯ ಬೇಕು, ಸಹನೆ ಬೇಕು. ಆದುದರಿಂದಲೇ ಏನೋ, ಮೂರು ರಕ್ಷೆಗಳಲ್ಲಿ ಇದು ಎಲ್ಲಕ್ಕಿಂತ ತಡವಾಗಿ ಬಂದಿತು. ಬಂದಮೇಲೂ ಎಲ್ಲರಿಗೂ ದೊರೆಯಲಿಲ್ಲ.

ಯಂತ್ರ ಬರುವುದಕ್ಕೆ ಮೊದಲು ನಮ್ಮಲ್ಲಿ ಕಸುಬುಗಳಿರಲಿಲ್ಲವೆ? ಇದ್ದುವು, ಅವುಗಳಿಗೆ ಶಿಕ್ಷಣವೂ ಇದ್ದಿತು. ಕಮ್ಮಾರನ ಮಗನು ಮೊದಲು ತಿದಿಯನ್ನು ಒತ್ತುತ್ತಿದ್ದನು, ಆಮೇಲೆ ಇಕ್ಕಳವನ್ನು ಹಿಡಿಯುತ್ತಿದ್ದನು, ಸುತ್ತಿಗೆ ಅವನ ಕೈಗೆ ಬರುವ ವೇಳೆಗೆ ವರ್ಷಗಳು ಕಳೆದಿರುತ್ತಿದ್ದುವು. ಕೆಂಪಾರಿ ಕಪ್ಪಾದ ಕಬ್ಬಿಣವೂ ಸುಡುತ್ತದೆ ಎಂಬುದನ್ನು ಅವನಿಗೆ ಯಾರೂ ಬರೆದುಕೊಟ್ಟಿರಲಿಲ್ಲ. ತಂದೆಯ ಕೈ ಎಲ್ಲಿ ತಡೆಯುವುದೋ ಅಲ್ಲಿ ಮಗನ ಕೈಯೂ ತಡೆಯುವುದನ್ನು ಕಲಿಯುತ್ತಿದ್ದಿತು. ಕೌಶಲವೂ ಎಚ್ಚರವೂ ಅಲ್ಲಿ ಎರಡು ವಿದ್ಯೆಗಳಾಗಿರಲಿಲ್ಲ, ಒಂದೇ ವಿದ್ಯೆಯಾಗಿದ್ದುವು. ಈ ಮಾತನ್ನು ಶ್ರೋತೃಗಳು ನೆನಪಿನಲ್ಲಿಡಬೇಕು. ಮುಂದಿನ ಕಥೆಯೆಲ್ಲ ಈ ಎರಡೂ ಹೇಗೆ ಅಗಲಿದುವು, ಮತ್ತೆ ಹೇಗೆ ಕೂಡಬೇಕಾಯಿತು ಎಂಬುದರ ಕಥೆಯೇ.

ಬೆಂಗಳೂರಿನಲ್ಲಿ ಅವು ಅಗಲಿದ್ದು ಗಿರಣಿಗಳು ಬಂದಾಗ. ೧೮೮೪ನೆಯ ಇಸವಿಯಲ್ಲಿ ಬೆಂಗಳೂರು ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿಯು ಸ್ಥಾಪಿತವಾಯಿತು. ಎರಡು ವರ್ಷಗಳ ತರುವಾಯ ಬಿನ್ನಿ ಕಂಪೆನಿಯವರು ಅದನ್ನು ವಹಿಸಿಕೊಂಡರು. ಬಿನ್ನಿಪೇಟೆ ಎಂಬ ಹೆಸರು ಇಂದಿಗೂ ಉಳಿದಿದೆ. ಗಿರಣಿ ಉಳಿದಿಲ್ಲ, ಅದರ ನೆಲದ ಮೇಲೆ ಈಗ ವಸತಿಯ ಮಹಡಿಗಳು ಎದ್ದಿವೆ. ಆ ಕಾಲದ ಗಿರಣಿಯ ಏರ್ಪಾಟನ್ನು ಇಂದಿನವರು ಊಹಿಸಿಕೊಳ್ಳುವುದು ಕಷ್ಟ. ಯಂತ್ರಕ್ಕೊಂದು ಮೋಟಾರು ಇರಲಿಲ್ಲ. ಒಂದು ಮೂಲೆಯಲ್ಲಿ ಉಗಿಯ ಎಂಜಿನ್ನು. ಅದರಿಂದ ಸೂರಿನ ಕೆಳಗೆ ಉದ್ದಕ್ಕೂ ಹಾದುಹೋಗುವ ಉಕ್ಕಿನ ದಂಡ. ಆ ದಂಡದ ಮೇಲೆ ಸಾಲಾಗಿ ರಾಟೆಗಳು. ಒಂದೊಂದು ರಾಟೆಯಿಂದಲೂ ಕೆಳಗಿನ ಯಂತ್ರಕ್ಕೆ ಇಳಿಯುವ ಚರ್ಮದ ಪಟ್ಟಿ. ಇಡೀ ಶಾಲೆಯೇ ಒಂದು ಯಂತ್ರ. ಒಬ್ಬ ಮನುಷ್ಯನಿಗಾಗಿ ಅದು ನಿಲ್ಲುತ್ತಿರಲಿಲ್ಲ. ಜಾರಿದ ಪಟ್ಟಿಯನ್ನು ತಿರುಗುವ ರಾಟೆಗೆ ಕೈಯಿಂದಲೇ ಏರಿಸುವುದು, ಓಡುವ ಯಂತ್ರಕ್ಕೇ ಎಣ್ಣೆ ಹಾಕುವುದು ಅಂತಹ ಗಿರಣಿಗಳಲ್ಲಿ ನಿತ್ಯದ ಕೆಲಸಗಳು. ಪಂಚೆಯ ಸೆರಗು, ಹೆಗಲ ಮೇಲಿನ ವಸ್ತ್ರ, ಬಿಚ್ಚಿದ ಜುಟ್ಟು, ಯಾವುದು ಸಿಕ್ಕಿದರೂ ದಂಡವು ಸುತ್ತಿಕೊಂಡುಬಿಡುವುದು. ನಿನ್ನೆಯವರೆಗೆ ಎತ್ತನ್ನು ಹೂಡುತ್ತಿದ್ದವನು ಇಂದು ಮೇಸ್ತ್ರಿಯ ಹಿಂದೆ ಬಂದು ಇದರ ಕೆಳಗೆ ನಿಲ್ಲುತ್ತಿದ್ದನು. ಎತ್ತು ಮುನಿದರೆ ಮೊದಲೇ ಸೂಚನೆ ಕೊಡುತ್ತದೆ, ಯಂತ್ರ ಕೊಡುವುದಿಲ್ಲ. ಆ ವ್ಯತ್ಯಾಸವನ್ನು ಅವನಿಗೆ ತಿಳಿಸುವ ತಂದೆ ಅಲ್ಲಿರಲಿಲ್ಲ.

ಇದೇ ಸಂಕಟವನ್ನು ಇಂಗ್ಲೆಂಡು ನಮಗಿಂತ ಮುಂಚೆ ಕಂಡಿತ್ತು. ಅಲ್ಲಿ ೧೮೩೩ರ ಶಾಸನದಿಂದ ಕಾರ್ಖಾನೆಗಳ ತಪಾಸಣೆಗೆ ಇನ್‌ಸ್ಪೆಕ್ಟರುಗಳು ನೇಮಕವಾದರು; ದೇಶಕ್ಕೆಲ್ಲ ನಾಲ್ವರೇ. ೧೮೪೪ರ ಶಾಸನವು ಗಿರಣಿಯ ಯಂತ್ರಗಳಿಗೆ ಬೇಲಿ ಹಾಕಬೇಕೆಂದು ವಿಧಿಸಿ, ಓಡುತ್ತಿರುವ ಯಂತ್ರವನ್ನು ಮಕ್ಕಳಿಂದ ಒರಸಿಸಕೂಡದೆಂದು ನಿಷೇಧಿಸಿತು. ಇಂಡಿಯಾ ದೇಶದಲ್ಲಿ ಮೊದಲನೆಯ ಕಾರ್ಖಾನೆ ಕಾನೂನು ೧೮೮೧ರಲ್ಲಿ ಆಯಿತು. ಯಂತ್ರಶಕ್ತಿಯನ್ನು ಬಳಸಿ ೧೦೦ ಜನರನ್ನು ದುಡಿಸುವ ಸ್ಥಳಕ್ಕೆ ಮಾತ್ರ ಅದು ಅನ್ವಯಿಸುತ್ತಿದ್ದಿತು. ಏಳು ವರ್ಷಕ್ಕೆ ಕಡಮೆಯ ಮಗುವನ್ನು ಕೆಲಸಕ್ಕೆ ಸೇರಿಸಕೂಡದು, ಅಪಾಯಕರವಾದ ಯಂತ್ರಭಾಗಗಳಿಗೆ ಬೇಲಿಯಿರಬೇಕು ಎಂಬಿವು ಅದರ ಮುಖ್ಯಾಂಶಗಳು. ೧೮೯೧ರಲ್ಲಿ ಆ ೧೦೦ರ ಸಂಖ್ಯೆ ೫೦ಕ್ಕೂ, ೧೯೨೨ರಲ್ಲಿ ೨೦ಕ್ಕೂ ಇಳಿಯಿತು. ಇವೆಲ್ಲ ಬ್ರಿಟಿಷ್ ಇಂಡಿಯಾದ ಕಾನೂನುಗಳು. ಮೈಸೂರು ಸಂಸ್ಥಾನವು ತನ್ನ ಶಾಸನಗಳನ್ನು ತಾನೇ ಮಾಡಿಕೊಳ್ಳುತ್ತಿದ್ದಿತು. ಆದರೆ ಕಾಲದ ಗಾಳಿ ಯಾವ ಕಡೆಗೆ ಬೀಸುತ್ತಿತ್ತೆಂಬುದು ಈ ಅಂಕಿಗಳಿಂದಲೇ ತಿಳಿಯುವುದು. ಈ ಸಂಖ್ಯೆಯ ವಿಚಾರಕ್ಕೆ ನಾವು ಕೊನೆಯಲ್ಲಿ ಹಿಂದಿರುಗುವೆವು.

ಅಷ್ಟರಲ್ಲಿ ನಮ್ಮ ಸಂಸ್ಥಾನದಲ್ಲಿ ಒಂದು ದೊಡ್ಡ ಬದಲಾವಣೆಯಾಯಿತು. ೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬೆಳಕು ಬಂದಿತು. ವಿದ್ಯುಚ್ಛಕ್ತಿಯೆಂದರೆ ದೀಪವೆಂದೇ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಕಾರ್ಖಾನೆಯ ಮಟ್ಟಿಗೆ ಅದರ ಅರ್ಥವೇ ಬೇರೆ. ಮೋಟಾರು ಬಂದಮೇಲೆ ಉಗಿಯ ಎಂಜಿನ್ನೂ ಬೇಡ, ಸೂರಿನ ಕೆಳಗಿನ ದಂಡವೂ ಬೇಡ. ಒಂದು ಕೋಣೆ, ಒಂದು ಲೇತು, ಒಂದು ತಂತಿ ಇದ್ದರೆ ಸಾಕು, ಕಾರ್ಖಾನೆಯಾಯಿತು. ಅಪಾಯವು ಸೂರಿನಿಂದ ಕೆಳಗಿಳಿದು ಕೈಯ ಬಳಿಗೆ ಬಂದಿತು. ಅದರ ಜೊತೆಗೆ ನೂರು ಜನರ ಗಿರಣಿಯಿಂದ ಆರು ಜನರ ಕೋಣೆಗೂ ಬಂದಿತು. ಪಶ್ಚಿಮ ಬೆಂಗಳೂರಿನ ಸಣ್ಣ ಶೆಡ್ಡುಗಳ ವಂಶವೃಕ್ಷವನ್ನು ಬರೆಯುವುದಾದರೆ ಅದರ ಬೇರು ಶಿವನಸಮುದ್ರದಲ್ಲಿದೆಯೆಂದು ಹೇಳಬೇಕಾಗುವುದು.

ಎರಡನೆಯ ರಕ್ಷೆಯಾದ ಪರಿಹಾರವು ಬಂದದ್ದು ೧೯೨೩ರ ಕಾನೂನಿನಿಂದ. ತರುವಾಯ ೧೯೪೮ರಲ್ಲಿ ನೌಕರರ ರಾಜ್ಯ ವಿಮಾ ಕಾನೂನು ಆಯಿತು. ೧೯೫೮ರಲ್ಲಿ ಆ ಯೋಜನೆ ಬೆಂಗಳೂರಿಗೂ ಬಂದಿತು. ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯನ್ನು ಅರಿಯದವರು ಈ ಭಾಗದಲ್ಲಿಲ್ಲ. ಅದರಿಂದ ಆದ ಉಪಕಾರ ಅಳತೆಗೆ ಸಿಕ್ಕುವುದಲ್ಲ. ಆದರೆ ಆ ವಿಮಾ ಕಾನೂನಿನ ಅನುಸೂಚಿಯನ್ನು ಒಮ್ಮೆ ಓದಿನೋಡಬೇಕು. ಹೆಬ್ಬೆರಳು ಹೋದರೆ ಗಳಿಸುವ ಶಕ್ತಿಯಲ್ಲಿ ನೂರಕ್ಕೆ ೩೦ ಭಾಗ ನಷ್ಟ, ತೋರುಬೆರಳು ಪೂರ್ತಿಯಾಗಿ ಹೋದರೆ ೧೪, ನಡುಬೆರಳಿಗೆ ೧೨, ಉಂಗುರದ ಬೆರಳಿಗೆ ಅಥವಾ ಕಿರುಬೆರಳಿಗೆ ೭. ಲೆಕ್ಕ ಹಾಕಿದವರನ್ನು ನಾವು ದೂಷಿಸುವುದಿಲ್ಲ, ಹಣವನ್ನು ಹಂಚಬೇಕಾದರೆ ಲೆಕ್ಕ ಬೇಕೇ ಬೇಕು. ಆದರೂ ಆ ಪಟ್ಟಿಯನ್ನು ಓದುವಾಗ ನಮ್ಮ ಕಣ್ಣು ನಮ್ಮ ಕೈಯ ಮೇಲೆ ಬೀಳದೆ ಇರದು. ಹಿಡಿತವನ್ನು ಕಳೆದುಕೊಂಡ ಟರ್ನರನಿಗೆ ಆ ಅಂಕಿಯಲ್ಲಿ ಅವನ ಕಸುಬು ಹಿಂದಿರುಗಿ ಬರುವುದಿಲ್ಲ.

ಇನ್ನು ಮೂರನೆಯ ರಕ್ಷೆ. ನಮ್ಮ ಸಂಸ್ಥಾನವು ಕೈಯ ಶಿಕ್ಷಣದಲ್ಲಿ ಹಿಂದೆ ಬಿದ್ದಿರಲಿಲ್ಲವೆಂಬುದನ್ನು ಮೊದಲು ಹೇಳಬೇಕು. ಮೈಸೂರಿನ ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟು ೧೯೧೩ರಲ್ಲಿಯೇ ಆರಂಭವಾಯಿತು. ೧೯೪೩ರಲ್ಲಿ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟು ಸ್ಥಾಪಿತವಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಹಣವನ್ನು ಇಂತಹ ಶಿಕ್ಷಣಶಾಲೆಗೇ ಬಿಟ್ಟುಕೊಟ್ಟರೆಂಬುದು ಪ್ರಸಿದ್ಧವಾದ ಸಂಗತಿ. ಅದು ಯುದ್ಧದ ಕಾಲ. ಯಂತ್ರ ನಡೆಸಬಲ್ಲ ಕೈಗಳು ಎಲ್ಲ ದೇಶಗಳಿಗೂ ಬೇಕಾಗಿದ್ದುವು. ಅಮೆರಿಕದಲ್ಲಿ ೧೯೪೦ರಲ್ಲಿ ಕಾರ್ಖಾನೆಯ ಒಳಗೇ ಶಿಕ್ಷಣ ಕೊಡುವ ಒಂದು ಸರಳವಾದ ಕ್ರಮವನ್ನು ಪ್ರಾರಂಭಿಸಿದರು. ಅದರಲ್ಲಿ ನಾಲ್ಕು ಮೆಟ್ಟಿಲುಗಳು. ಕಲಿಯುವವನ ಅಂಜಿಕೆಯನ್ನು ಕಳೆದು ಅವನಿಗೆ ಎಷ್ಟು ಗೊತ್ತಿದೆಯೆಂದು ತಿಳಿಯುವುದು. ಕೆಲಸವನ್ನು ಮಾಡಿ ತೋರಿಸುತ್ತ ಕಾರಣವನ್ನು ಹೇಳುವುದು. ಅವನಿಂದ ಮಾಡಿಸುತ್ತ ಅವನ ಬಾಯಿಂದಲೇ ಕಾರಣವನ್ನು ಹೇಳಿಸುವುದು. ಆಮೇಲೆ ಅವನನ್ನು ತನ್ನಷ್ಟಕ್ಕೆ ಬಿಟ್ಟು ಆಗಾಗ ಬಂದು ನೋಡುವುದು. ಕಲಿಯುವವನು ಕಲಿಯದಿದ್ದರೆ ಕಲಿಸುವವನು ಕಲಿಸಲಿಲ್ಲವೆಂದೇ ಅರ್ಥ ಎಂಬುದು ಅವರ ಸೂತ್ರ. ಇದರಲ್ಲಿ ಹೊಸತೇನಿದೆ? ನಮ್ಮ ಕಮ್ಮಾರನು ಮಗನಿಗೆ ಮಾಡುತ್ತಿದ್ದುದೂ ಇದನ್ನೇ. ಅವನಿಗೆ ಹತ್ತು ವರ್ಷಗಳಿದ್ದುವು, ಇವರಿಗೆ ಕೆಲವು ವಾರಗಳಿದ್ದುವು. ಅಷ್ಟೇ ವ್ಯತ್ಯಾಸ.

ಸ್ವಾತಂತ್ರ್ಯ ಬಂದಮೇಲೆ ಆದ ೧೯೪೮ರ ಕಾರ್ಖಾನೆ ಕಾನೂನು ೧೯೪೯ರ ಏಪ್ರಿಲ್ ೧ರಂದು ಜಾರಿಗೆ ಬಂದಿತು. ಯಂತ್ರಶಕ್ತಿಯಿರುವ ಕಡೆ ೧೦ ಜನ ದುಡಿದರೂ ಅದು ಕಾರ್ಖಾನೆಯೆಂದು ಈ ಕಾನೂನು ಹೇಳಿತು. ಶಿಕ್ಷಣದ ಮಾತು ಅದರಲ್ಲಿ ಸ್ಪಷ್ಟವಾಗಿ ಎರಡು ಕಡೆ ಬರುತ್ತದೆ. ಇಪ್ಪತ್ತೆರಡನೆಯ ಪ್ರಕರಣದಂತೆ, ಓಡುತ್ತಿರುವ ಯಂತ್ರವನ್ನು ಪರೀಕ್ಷಿಸುವುದಾಗಲಿ ಅದಕ್ಕೆ ಎಣ್ಣೆ ಹಾಕುವುದಾಗಲಿ ಅನಿವಾರ್ಯವಾದರೆ, ಅದಕ್ಕೆಂದೇ ವಿಶೇಷವಾಗಿ ತರಬೇತಾದ ವಯಸ್ಕ ಗಂಡಸು ಮಾತ್ರ ಆ ಕೆಲಸವನ್ನು ಮಾಡತಕ್ಕದ್ದು. ಅವನು ಮೈಗೆ ಹತ್ತಿದ ಬಿಗಿಯಾದ ಉಡುಪನ್ನು ತೊಟ್ಟಿರಬೇಕು, ಆ ಉಡುಪನ್ನು ಕಾರ್ಖಾನೆಯವರೇ ಕೊಡಬೇಕು, ಅವನ ಹೆಸರು ರಿಜಿಸ್ಟರಿನಲ್ಲಿ ದಾಖಲಾಗಿರಬೇಕು. ಹಳೆಯ ಗಿರಣಿಗಳ ಪಂಚೆಯ ಸೆರಗುಗಳ ಕಥೆಯೆಲ್ಲ ಈ ಒಂದು ವಾಕ್ಯದಲ್ಲಿ ಅಡಗಿದೆ. ಇಪ್ಪತ್ತಮೂರನೆಯ ಪ್ರಕರಣದಂತೆ, ಅಪಾಯಕರವೆಂದು ಗೊತ್ತುಮಾಡಿದ ಯಂತ್ರದಲ್ಲಿ ಎಳೆಯರನ್ನು ನಿಲ್ಲಿಸಬೇಕಾದರೆ ಅದರ ಅಪಾಯಗಳನ್ನೂ ವಹಿಸಬೇಕಾದ ಎಚ್ಚರಗಳನ್ನೂ ಅವರಿಗೆ ಪೂರ್ತಿಯಾಗಿ ತಿಳಿಸಿರಬೇಕು; ಅದರ ಮೇಲೆ, ಅವರು ಸಾಕಷ್ಟು ತರಬೇತು ಪಡೆದಿರಬೇಕು, ಇಲ್ಲವೆ ಬಲ್ಲವನೊಬ್ಬನ ಮೇಲ್ವಿಚಾರಣೆಯಲ್ಲಿರಬೇಕು. ಇಂಗ್ಲೆಂಡಿನ ೧೯೩೭ರ ಶಾಸನದಲ್ಲಿಯೂ ಇಂತಹುದೇ ವಿಧಿಯಿದ್ದಿತು. ಎರಡೂ ಒಳ್ಳೆಯ ವಿಧಿಗಳು. ಆದರೆ ಇವೆರಡರ ನಡುವೆ ಒಬ್ಬನು ಬಿಟ್ಟುಹೋದನು. ಮೂವತ್ತು ವರ್ಷದವನು, ನಿನ್ನೆ ತಾನೆ ಹಳ್ಳಿಯಿಂದ ಬಂದವನು, ಇಂದು ಪ್ರೆಸ್ಸಿನ ಮುಂದೆ ನಿಂತವನು ಎಳೆಯನೂ ಅಲ್ಲ, ಎಣ್ಣೆ ಹಾಕುವವನೂ ಅಲ್ಲ. ಅವನಿಗೆ ಮೊದಲು ಕಲಿಸಿ ಆಮೇಲೆ ಕೆಲಸ ಕೊಡಿ ಎಂದು ಈ ಎರಡು ಪ್ರಕರಣಗಳೂ ಹೇಳಲಿಲ್ಲ.

ಆ ಕಾನೂನು ಜಾರಿಗೆ ಬರುತ್ತಿದ್ದ ದಿನಗಳಲ್ಲಿಯೇ ಬೆಂಗಳೂರಿನ ಪಶ್ಚಿಮದಲ್ಲಿ ಕೈಗಾರಿಕೆಗೆಂದೇ ಯೋಜಿಸಿದ ಒಂದು ಬಡಾವಣೆ ಮೂಡುತ್ತಿತ್ತು. ಆಗಿನ ಗವರ್ನರ್ ಜನರಲ್ ರಾಜಾಜಿಯವರ ಹೆಸರನ್ನು ಅದಕ್ಕಿಟ್ಟರು. ಅದರ ಆಸುಪಾಸಿನಲ್ಲಿ ೧೯೪೬ರಲ್ಲಿ ಸ್ಥಾಪಿತವಾದ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪೆನಿಯವರ ಮೋಟಾರುಗಳು ತಯಾರಾಗುತ್ತಿದ್ದುವು. ೧೯೫೭ರಲ್ಲಿ ಸರ್ಕಾರದ ಸಾಬೂನಿನ ಕಾರ್ಖಾನೆಯೂ ಈ ಕಡೆಗೆ ಬಂದಿತು. ಮೈಸೂರು ರಸ್ತೆಯಲ್ಲಿ ೧೯೩೩ರಿಂದಲೇ ಸರ್ಕಾರದ ವಿದ್ಯುತ್ ಕಾರ್ಖಾನೆ ಇದ್ದಿತು. ಸಣ್ಣ ಉದ್ಯಮಿಗಳಿಗಾಗಿ ಕೈಗಾರಿಕಾ ವಸಾಹತು ಏರ್ಪಟ್ಟಿತು. ದೊಡ್ಡ ಕಾರ್ಖಾನೆಗೆ ಬೇಕಾದ ತಿರುಪು, ಬುಷ್ಷು, ತಗಡಿನ ಬಿಲ್ಲೆಗಳನ್ನು ಮಾಡಿಕೊಡುವ ಸಣ್ಣ ಶೆಡ್ಡುಗಳು ಮಾಗಡಿ ರಸ್ತೆಯ ಉದ್ದಕ್ಕೂ ಹಬ್ಬಿದುವು. ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತುಗಳೂ ೧೯೫೩ರಲ್ಲಿ ಸ್ಥಾಪಿತವಾದ ಎಚ್.ಎಂ.ಟಿ.ಯ ಲೇತುಗಳೂ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತ ಈ ಶೆಡ್ಡುಗಳನ್ನು ಸೇರಿದುವು. ಯಂತ್ರವು ಹಳೆಯದಾದಷ್ಟೂ ಅದರ ಕಾವಲಿನ ಮುಚ್ಚಳಗಳು ಕಳಚಿಹೋಗಿರುವುದು ಸಾಮಾನ್ಯ. ಹೀಗೆ ಎಲ್ಲಿ ಬೇಲಿ ಕಡಮೆಯೋ ಅಲ್ಲಿಯೇ ಶಿಕ್ಷಣವೂ ಕಡಮೆಯಾಯಿತು.

ಈ ಕೊರತೆಯ ನಡುವೆ ನೆನೆಯತಕ್ಕ ಒಂದು ಸಂಸ್ಥೆ ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಿಯೇ ಇದೆ. ೧೯೭೨ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಪ್ರಾರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವೇ ಅದು. ಅಚ್ಚುಗಳನ್ನೂ ಉಪಕರಣಗಳನ್ನೂ ಮಾಡುವ ವಿದ್ಯೆಯನ್ನು ಅಲ್ಲಿ ಕಲಿಸುತ್ತಾರೆ. ಈಗ ಅದರ ಶಾಖೆಗಳು ರಾಜ್ಯದ ಅನೇಕ ಊರುಗಳಲ್ಲಿವೆ. ಇಂತಹ ಶಾಲೆಗಳ ಕ್ರಮವನ್ನು ನೋಡಿದರೆ ಕಮ್ಮಾರನ ಕುಲುಮೆಯು ಹೊಸ ಉಡುಪಿನಲ್ಲಿ ಹಿಂದಿರುಗಿದಂತೆ ತೋರುತ್ತದೆ. ಹೊಸದಾಗಿ ಸೇರಿದ ಹುಡುಗನನ್ನು ಮೊದಲ ದಿನವೇ ಯಂತ್ರದ ಬಳಿಗೆ ಬಿಡುವುದಿಲ್ಲ. ವೈಸಿನಲ್ಲಿ ಒಂದು ಕಬ್ಬಿಣದ ತುಂಡನ್ನು ಬಿಗಿದು, ಕೈಗೆ ಅರವನ್ನು ಕೊಟ್ಟು, ಉಜ್ಜು ಎನ್ನುತ್ತಾರೆ. ಉಜ್ಜಿ ಉಜ್ಜಿ ಅಂಗೈ ಬೊಬ್ಬೆ ಬಂದಮೇಲೆ, ಲೋಹವೆಂದರೆ ಏನು, ಅದು ಎಷ್ಟು ಬಲಕ್ಕೆ ಮಣಿಯುತ್ತದೆ, ಎಲ್ಲಿ ಜಾರುತ್ತದೆ ಎಂಬುದು ಕೈಗೇ ತಿಳಿಯುತ್ತದೆ. ಆಮೇಲೆ ಯಂತ್ರ.

ಆಗ ಕಲಿಯುವ ಪಾಠಗಳಲ್ಲಿ ಕೆಲವನ್ನು ಹೇಳುವೆವು. ಏಕೆಂದರೆ ಹೊರಗಿನವರಾದ ನಮಗೆ ತೋಚುವುದಕ್ಕೂ ಕೈಗೆ ಬೇಕಾದುದಕ್ಕೂ ಎಷ್ಟು ಅಂತರವಿದೆಯೆಂಬುದು ಇದರಿಂದ ಗೊತ್ತಾಗುವುದು. ಕೈಗವಸು ಕೈಯನ್ನು ಕಾಪಾಡುವುದೆಂದು ನಾವು ತಿಳಿಯುತ್ತೇವಷ್ಟೆ? ತಿರುಗುವ ಡ್ರಿಲ್ಲಿನ ಮುಂದೆ, ಲೇತಿನ ಮುಂದೆ ಕೈಗವಸೇ ಶತ್ರು. ಅದರ ಒಂದು ಎಳೆ ಸಿಕ್ಕಿದರೆ ಸಾಕು, ಬೆರಳನ್ನೂ ಒಳಕ್ಕೆ ಎಳೆದುಕೊಳ್ಳುವುದು. ಲೇತಿನಿಂದ ಬರುವ ಲೋಹದ ಸುರುಳಿ ನೋಡುವುದಕ್ಕೆ ಜರಿಯ ನೂಲಿನಂತೆ ಹೊಳೆಯುತ್ತದೆ. ಅದರ ಅಂಚು ಕತ್ತಿಯ ಅಂಚು. ಅದನ್ನು ಕೊಕ್ಕೆಯಿಂದಲೋ ಕುಂಚದಿಂದಲೋ ತೆಗೆಯಬೇಕಲ್ಲದೆ ಕೈಯಿಂದಲ್ಲ. ಸಾಣೆಯ ಚಕ್ರವನ್ನು ಕೂಡಿಸುವುದಕ್ಕೆ ಮೊದಲು ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ ಕೇಳಬೇಕು. ಬಿರುಕಿಲ್ಲದ ಚಕ್ರ ಕಣ್ ಎಂದು ದನಿಗೊಡುತ್ತದೆ, ಬಿರುಕಿದ್ದದ್ದು ಮಂಕಾಗಿ ಸದ್ದುಮಾಡುತ್ತದೆ. ಸಂತೆಯಲ್ಲಿ ಮಡಕೆಯನ್ನು ಕೊಳ್ಳುವ ನಮ್ಮ ಹೆಂಗಸರೆಲ್ಲ ಬಲ್ಲ ಪರೀಕ್ಷೆಯಿದು. ಮಡಕೆ ಒಡೆದರೆ ನೀರು ಚೆಲ್ಲುವುದು. ಮಿನಿಟಿಗೆ ಸಾವಿರಾರು ಸುತ್ತು ತಿರುಗುವ ಚಕ್ರ ಒಡೆದರೆ ಅದರ ಚೂರುಗಳು ಗುಂಡಿನಂತೆ ಹಾರುವುವು. ಆದುದರಿಂದಲೇ ಅದನ್ನು ಚಾಲೂ ಮಾಡುವಾಗ ಎದುರಿಗೆ ನಿಲ್ಲದೆ ಪಕ್ಕಕ್ಕೆ ನಿಲ್ಲಬೇಕು.

ಎಲ್ಲಕ್ಕಿಂತ ಹೆಚ್ಚು ಬೆರಳುಗಳನ್ನು ಬಲಿ ತೆಗೆದುಕೊಳ್ಳುವ ಯಂತ್ರಗಳಲ್ಲಿ ಪವರ್ ಪ್ರೆಸ್ ಒಂದು. ತಗಡನ್ನು ಅಚ್ಚಿನ ಮೇಲಿಟ್ಟು ಕೈಯನ್ನು ಹಿಂದಕ್ಕೆ ತೆಗೆದು ಕಾಲಿನಿಂದ ಒತ್ತಬೇಕು. ಮೇಲಿನ ಭಾರ ಒಮ್ಮೆ ಇಳಿದು ಬಿಲ್ಲೆಯನ್ನು ಕತ್ತರಿಸಿ ಮೇಲೇರುವುದು. ದಿನಕ್ಕೆ ಸಾವಿರಾರು ಸಾರಿ ಇದೇ ಕೆಲಸ. ಮನಸ್ಸು ಎಲ್ಲಿಯೋ ಇರುತ್ತದೆ, ಕಾಲು ತನ್ನ ತಾಳದಲ್ಲಿರುತ್ತದೆ. ಒಂದು ಸಾರಿ ತಾಳ ತಪ್ಪಿದರೆ ಆಗಬಾರದ್ದು ಆಗಿಹೋಗುತ್ತದೆ. ಕೆಲವು ವೇಳೆ ಮನುಷ್ಯನ ತಪ್ಪೇ ಇರುವುದಿಲ್ಲ. ಯಂತ್ರದ ಒಳಗಿನ ಕ್ಲಚ್ಚು ಸವೆದು, ಯಾರೂ ಒತ್ತದಿದ್ದರೂ ಭಾರವು ಎರಡನೆಯ ಸಾರಿ ಇಳಿದುಬಿಡುವುದು. ಇದಕ್ಕೆ ಉಪಾಯವಿದೆ. ಕಾಲಿನ ಪೆಡಲನ್ನು ತೆಗೆದು ಎರಡು ಗುಂಡಿಗಳನ್ನು ಒಂದಕ್ಕೊಂದು ದೂರದಲ್ಲಿಟ್ಟು, ಎರಡು ಕೈಗಳಿಂದಲೂ ಒಟ್ಟಿಗೆ ಒತ್ತಿದರೆ ಮಾತ್ರ ಯಂತ್ರ ನಡೆಯುವಂತೆ ಮಾಡುವುದು. ಎರಡು ಕೈಗಳೂ ಗುಂಡಿಯ ಮೇಲಿದ್ದರೆ ಅಚ್ಚಿನ ಕೆಳಗೆ ಯಾವ ಕೈ ಇರಲು ಸಾಧ್ಯ? ಆದರೂ ಕೆಲಸ ಬೇಗ ಸಾಗಲೆಂದು ಒಂದು ಗುಂಡಿಗೆ ಬೆಣೆ ಹೊಡೆದು ಒಂದೇ ಕೈಯಿಂದ ನಡೆಸುವುದುಂಟು. ಸವೆದ ಕ್ಲಚ್ಚನ್ನು ಗುಂಡಿಯೂ ಹಿಡಿದು ನಿಲ್ಲಿಸಲಾರದು. ಅದಕ್ಕೆ ಅಚ್ಚಿನ ಸುತ್ತ ಗಟ್ಟಿಯಾದ ಕಾವಲೇ ಬೇಕು, ಕ್ಲಚ್ಚಿನ ತಪಾಸಣೆ ಬೇಕು. ಕಾವಲು ಏಕಿದೆಯೆಂಬುದನ್ನು ಕೈಗೆ ಕಲಿಸದಿದ್ದರೆ ಕೈಯೇ ಕಾವಲನ್ನು ಕಳಚಿಹಾಕುವುದೆಂಬುದಕ್ಕೆ ಈ ಬೆಣೆಯೇ ಸಾಕ್ಷಿ.

ಹಿಂದೊಮ್ಮೆ ನಾವು ಈ ಭಾಗದ ಒಂದು ಸಣ್ಣ ಶೆಡ್ಡಿಗೆ ಹೋಗಿದ್ದೆವು. ಅಲ್ಲಿ ದುಡಿಯುತ್ತಿದ್ದವರು ಏಳು ಜನ. ಗೋಡ‌ೆಯ ಮೇಲೆ ಸುರಕ್ಷತೆಯ ನಿಯಮಗಳ ಫಲಕವೊಂದು ಇಂಗ್ಲಿಷಿನಲ್ಲಿದ್ದಿತು. ಅದರ ಕೆಳಗೆ ಲೇತಿನ ಮುಂದೆ ನಿಂತಿದ್ದ ಹುಡುಗನು ಒಡಿಶಾದವನು. ಅವನಿಗೆ ಇಂಗ್ಲಿಷೂ ಬಾರದು, ಕನ್ನಡವೂ ಅಷ್ಟಕ್ಕಷ್ಟೆ. ಅವನ ಪಕ್ಕದಲ್ಲಿ ವಯಸ್ಸಾದ ಟರ್ನರೊಬ್ಬರು ನಿಂತು ಚಕ್ಕಿಗೆ ಕೀಲಿಯನ್ನು ಹಾಕಿ, ಹುಡುಗನ ಕೈಯನ್ನು ಹಿಡಿದು ಅದರ ಮೇಲಿಟ್ಟರು. ಬಿಗಿಸಿಯಾದಮೇಲೆ ಅವನ ಕೈಯಿಂದಲೇ ಕೀಲಿಯನ್ನು ಹೊರಕ್ಕೆ ತೆಗೆಸಿ ಅದರ ಜಾಗದಲ್ಲಿ ಇಡಿಸಿದರು. ಮತ್ತೊಮ್ಮೆ, ಇನ್ನೊಮ್ಮೆ, ಹತ್ತು ಸಾರಿ ಹಾಗೆಯೇ ಮಾಡಿಸಿದರು. ಕೀಲಿ ಚಕ್ಕಿನಲ್ಲಿರುವವರೆಗೆ ಕೈ ಕೀಲಿಯನ್ನು ಬಿಡಕೂಡದು. ಕೈ ಬಿಡಬೇಕಾದರೆ ಕೀಲಿ ಹೊರಗೆ ಬಂದಿರಬೇಕು. ಮರೆತು ಸ್ವಿಚ್ಚನ್ನು ಒತ್ತಿದರೆ ಆ ಕೀಲಿ ಹಾರಿಬಂದು ಎದುರಿಗಿದ್ದವನ ಹಣೆಯನ್ನೇ ಒಡೆಯಬಹುದು. ಒಂದು ಮಾತೂ ಇಲ್ಲದೆ ಆ ಪಾಠ ಮುಗಿಯಿತು. ಟರ್ನರ ಎಡಗೈಯ ನಡುಬೆರಳು ಅರ್ಧವೇ ಇದ್ದುದನ್ನು ಆಗ ನಾವು ಕಂಡೆವು. ನಾವು ನೋಡಿದುದನ್ನು ಅವರು ನೋಡಿದರು. "ನನಗೆ ಕಲಿಸಿದ ಮೇಷ್ಟ್ರು ಈ ಮಿಷನ್ನೇ ಸ್ವಾಮಿ, ಫೀಸು ಸ್ವಲ್ಪ ಜಾಸ್ತಿ ಆಯ್ತು" ಎಂದು ನಕ್ಕರು. ನಮಗೆ ನಗುವುದಕ್ಕೆ ಆಗಲಿಲ್ಲ. ಕಾಲೇಜಿನಲ್ಲಿ ಹತ್ತಾರು ವರ್ಷಗಳಿಂದ ಪಾಠ ಹೇಳುತ್ತಿರುವ ನಾವು ಅಷ್ಟು ಪೂರ್ಣವಾದ ಪಾಠವನ್ನು ಹೆಚ್ಚಾಗಿ ಕಂಡಿಲ್ಲ.

ಕಾನೂನು ಈ ಪಾಠದ ಬೆಲೆಯನ್ನು ಒಪ್ಪಿಕೊಳ್ಳುವುದಕ್ಕೆ ಒಂದು ಮಹಾದುರಂತವೇ ಬೇಕಾಯಿತು. ೧೯೮೪ರ ಡಿಸೆಂಬರ್ ೨-೩ರ ರಾತ್ರಿ ಭೋಪಾಲದಲ್ಲಿ ವಿಷಾನಿಲ ಸೋರಿ ಸಾವಿರಾರು ಜನ ಸತ್ತರು. ಅದಾದಮೇಲೆ ೧೯೮೭ರಲ್ಲಿ ಕಾರ್ಖಾನೆ ಕಾನೂನನ್ನು ತಿದ್ದಿದರು. ಎಲ್ಲ ಕೆಲಸಗಾರರಿಗೂ ಬೇಕಾದ ತಿಳಿವಳಿಕೆ, ಶಿಕ್ಷಣ, ತರಬೇತು, ಮೇಲ್ವಿಚಾರಣೆಗಳನ್ನು ಒದಗಿಸುವುದು ಕಾರ್ಖಾನೆಯನ್ನು ನಡೆಸುವವನ ಕರ್ತವ್ಯವೆಂದು ಆಗ ಸೇರಿಸಿದರು. ಅಷ್ಟೇ ಅಲ್ಲ, ಕಾರ್ಖಾನೆಯ ಒಳಗೇ ತರಬೇತು ಪಡೆಯುವುದು, ಇಲ್ಲವೆ ಒಪ್ಪಿಗೆ ಪಡೆದ ತರಬೇತು ಸಂಸ್ಥೆಗೆ ಹೋಗಿಬರುವುದು ಕೆಲಸಗಾರನ ಹಕ್ಕೆಂದೂ ಬರೆದರು. ೧೯೪೮ರಲ್ಲಿ ಎರಡು ಪ್ರಕರಣಗಳ ನಡುವೆ ಬಿಟ್ಟುಹೋಗಿದ್ದ ಆ ಮೂವತ್ತು ವರ್ಷದ ಮನುಷ್ಯನನ್ನು ಕಾನೂನು ಹೀಗೆ ಮುಖವೆತ್ತಿ ನೋಡುವುದಕ್ಕೆ ಮೂವತ್ತೊಂಬತ್ತು ವರ್ಷಗಳು ಹಿಡಿದುವು.

ಈಗ ಆ ಸಂಖ್ಯೆಯ ವಿಚಾರಕ್ಕೆ ಹಿಂದಿರುಗೋಣ. ನೂರರಿಂದ ಐವತ್ತು, ಐವತ್ತರಿಂದ ಇಪ್ಪತ್ತು, ಇಪ್ಪತ್ತರಿಂದ ಹತ್ತು: ಅರವತ್ತೇಳು ವರ್ಷಗಳ ಕಾಲ ಕಾರ್ಖಾನೆ ಎಂಬ ಪದದ ಹೊಸಿಲು ತಗ್ಗುತ್ತಲೇ ಬಂದಿತು, ಒಂದೊಂದು ಸಾರಿ ತಗ್ಗಿದಾಗಲೂ ಇನ್ನಷ್ಟು ಕೈಗಳು ಕಾನೂನಿನ ಮನೆಯೊಳಕ್ಕೆ ಬಂದುವು. ಸಂಸತ್ತು ೨೦೨೦ರಲ್ಲಿ ಅಂಗೀಕರಿಸಿ ೨೦೨೫ರ ನವೆಂಬರ್ ೨೧ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲಿ ಈ ಹೊಸಿಲು ಮೊದಲ ಸಾರಿಗೆ ಮೇಲೇರಿತು. ಯಂತ್ರಶಕ್ತಿಯಿರುವ ಕಡೆ ಹತ್ತಕ್ಕೆ ಬದಲಾಗಿ ಇಪ್ಪತ್ತು ಜನರಿದ್ದರೆ ಮಾತ್ರ ಅದು ಕಾರ್ಖಾನೆ. ಸಣ್ಣ ಉದ್ಯಮಿಗೆ ಕಾಗದಪತ್ರಗಳ ಕಾಟ ತಪ್ಪಬೇಕೆಂಬ ವಾದವನ್ನು ನಾವು ತಳ್ಳಿಹಾಕುವುದಿಲ್ಲ. ಹತ್ತು ಜನ ಮತ್ತು ಅದಕ್ಕೆ ಮೇಲ್ಪಟ್ಟವರಿರುವ ಸಂಸ್ಥೆಗಳಿಗೆ ಸಂಹಿತೆಯ ಸಾಮಾನ್ಯ ನಿಯಮಗಳು ಅನ್ವಯಿಸುತ್ತವೆಂಬುದೂ ನಿಜ. ಆದರೆ ಏಳು ಜನರ ಶೆಡ್ಡು ಅಂದೂ ಹೊರಗೇ ಇದ್ದಿತು, ಇಂದೂ ಬಹುಮಟ್ಟಿಗೆ ಹೊರಗೇ ಇದೆ. ಲೇತಿಗೆ ಎಣಿಸುವುದಕ್ಕೆ ಬರುವುದಿಲ್ಲ. ಏಳು ಜನರ ಶೆಡ್ಡಿನಲ್ಲಿ ಒಂದು ವೇಗ, ಏಳು ನೂರು ಜನರ ಕಾರ್ಖಾನೆಯಲ್ಲಿ ಇನ್ನೊಂದು ವೇಗ ಎಂದು ಅದು ತಿರುಗುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ನಮ್ಮ ಮಾತು ಅನ್ಯಾಯವಾದೀತು. ಶಿಕ್ಷಣದ ಹೆಸರಿನಲ್ಲಿ ತಪ್ಪನ್ನೆಲ್ಲ ಕೆಲಸಗಾರನ ತಲೆಗೆ ಕಟ್ಟುವುದು ಸುಲಭ. ಬೆರಳು ಹೋದಾಗಲೆಲ್ಲ ಅಜಾಗರೂಕತೆ ಎಂದು ಬರೆದು ಮುಗಿಸುವುದುಂಟು. ಹನ್ನೆರಡು ಗಂಟೆ ದುಡಿದ ಕೈ ಜಾಗರೂಕವಾಗಿರಲಾರದು. ಕಾವಲಿಲ್ಲದ ಪ್ರೆಸ್ಸಿನ ಮುಂದೆ ಎಷ್ಟು ಕಲಿತ ಕೈಯೂ ಕ್ಷೇಮವಲ್ಲ. ಮೊದಲು ಯಂತ್ರಕ್ಕೆ ಬೇಲಿ, ಆಮೇಲೆ ಕೈಗೆ ಶಿಕ್ಷಣ. ಬೇಲಿಯ ಬದಲಿಗೆ ಶಿಕ್ಷಣವಲ್ಲ, ಬೇಲಿಯ ಜೊತೆಗೆ ಶಿಕ್ಷಣ. ಬೇಲಿಯನ್ನು ಕಳಚದಿರುವಂತೆ ಮಾಡುವುದೂ ಶಿಕ್ಷಣವೇ.

ಹಾಗಾದರೆ ಏಳು ಜನರ ಶೆಡ್ಡಿಗೆ ಕಲಿಸುವವರು ಯಾರು? ಕಾನೂನು ಮುಟ್ಟದ ಕಡೆಯನ್ನು ನೆರೆಹೊರೆ ಮುಟ್ಟಬಹುದು. ಕಲಿಸಬಲ್ಲ ಸಂಸ್ಥೆ ರಾಜಾಜಿನಗರದಲ್ಲಿಯೇ ಇದೆ. ಕಲಿಸಬಲ್ಲ ಹಿರಿಯ ಟರ್ನರುಗಳು ವಿಜಯನಗರದ, ಬಸವೇಶ್ವರನಗರದ ಮನೆಗಳಲ್ಲಿ ನಿವೃತ್ತರಾಗಿ ಕುಳಿತಿದ್ದಾರೆ. ವರ್ಷವರ್ಷವೂ ಮಾರ್ಚ್ ೪ರಂದು ರಾಷ್ಟ್ರೀಯ ಸುರಕ್ಷತಾ ದಿನವನ್ನು ಆಚರಿಸಿ ಎದೆಗೆ ಬಿಲ್ಲೆಯನ್ನು ಚುಚ್ಚಿಕೊಳ್ಳುತ್ತೇವೆ. ಆ ಒಂದು ದಿನವಾದರೂ ನಾಲ್ಕು ಶೆಡ್ಡುಗಳವರು ಒಟ್ಟುಗೂಡಿ, ಹಿರಿಯರೊಬ್ಬರನ್ನು ಕರೆಸಿ, ಹೊಸ ಹುಡುಗರ ಕೈಗೆ ಕೀಲಿಯನ್ನೂ ಕೊಕ್ಕೆಯನ್ನೂ ಕೊಟ್ಟು ಹತ್ತು ಸಾರಿ ಮಾಡಿಸಿದರೆ, ಅರ್ಧ ದಿನದ ಕೆಲಸ ನಿಲ್ಲುವುದು, ಅಷ್ಟೇ ನಷ್ಟ. ಅರ್ಧ ಬೆರಳಿಗಿಂತ ಅದು ಅಗ್ಗ.

ಕಡೆಯದಾಗಿ ಒಂದು ಮಾತು. ಮಹಾನವಮಿಯ ಆಯುಧಪೂಜೆಯ ಹೊತ್ತಿಗೆ ಈ ಶೆಡ್ಡುಗಳ ಮುಂದೆ ಹಾದುಹೋದವರು ನೋಡಿರುತ್ತೀರಿ. ಮೊದಲು ಮೇನ್ ಸ್ವಿಚ್ಚನ್ನು ತೆಗೆಯುತ್ತಾರೆ. ಯಂತ್ರ ಪೂರ್ತಿಯಾಗಿ ನಿಂತಿದೆಯೇ ಎಂದು ನೋಡುತ್ತಾರೆ. ಆಮೇಲೆಯೇ ಎಣ್ಣೆ, ಜಿಡ್ಡು, ಲೋಹದ ಚೂರುಗಳನ್ನೆಲ್ಲ ತೆಗೆದು ಒರಸಿ, ತೊಳೆದು, ಅರಿಸಿನ ಕುಂಕುಮವಿಟ್ಟು, ಸೇವಂತಿಗೆಯ ಹಾರ ಹಾಕಿ, ಬೂದುಗುಂಬಳಕಾಯಿಯನ್ನು ಒಡೆಯುತ್ತಾರೆ. ಅಂದು ಓಡುವ ಯಂತ್ರಕ್ಕೆ ಯಾರೂ ಕೈಯಿಡುವುದಿಲ್ಲ, ಯಾರಿಗೂ ಅವಸರವಿಲ್ಲ, ಹಿರಿಯನು ಮಾಡಿದುದನ್ನು ಕಿರಿಯನು ನೋಡುತ್ತಾನೆ. ಕಾನೂನಿನ ಪುಸ್ತಕಗಳು ನೂರು ವರ್ಷಗಳಿಂದ ಹೇಳುತ್ತ ಬಂದಿರುವುದು ಇಷ್ಟನ್ನೇ: ಮೊದಲು ನಿಲ್ಲಿಸು, ಆಮೇಲೆ ಮುಟ್ಟು. ನವಮಿಯ ದಿನ ನಮ್ಮ ಕೈಗೆ ತಾನಾಗಿ ಬರುವ ಈ ಬುದ್ಧಿ ದಶಮಿಯ ಮರುದಿನವೂ ಉಳಿಯುವಂತೆ ಕಲಿಸುವವರು ಈ ಭಾಗದ ಒಂದೊಂದು ಶೆಡ್ಡಿನಲ್ಲಿಯೂ ಒಬ್ಬೊಬ್ಬರಾದರೂ ಇರಲಿ ಎಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.